ಗುಟ್ಟು, ಏಕಾಂತ, ಖಾಸಗಿತನ: ಒಂದು ಉದಾಸೀನದ ಸ್ವರೂಪ

ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಸಲ್ಲಿಸಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ; ತೀರ್ಪು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೂ ಅಂಗಡಿಯಲ್ಲಿ ಬಿಲ್ಲು ಬರೆಯುವಾಗ ಮೊಬೈಲ್ ಸಂಖ್ಯೆ ಕೇಳಿದರೆ, ವಸತಿಗೃಹದಲ್ಲಿ ಆಧಾರ್ ನಕಲು ಕೇಳಿದರೆ, ಏಕೆಂದು ವಿಚಾರಿಸುವವರು ವಿರಳ. ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಅದರ ಬೇರುಗಳು ನಮ್ಮ ನುಡಿಯಲ್ಲಿಯೂ ನೀತಿಕಲ್ಪನೆಯಲ್ಲಿಯೂ ಇವೆ ಎಂಬುದು ಪ್ರಸ್ತುತ ಲೇಖನದ ನಿಲುವು.

'ಖಾಸಗಿ' ಎಂಬುದು ಪಾರಸಿ ಮೂಲದ ಆಡಳಿತದ ಮಾತು. ಮರಾಠಾ ಸಂಸ್ಥಾನಗಳಲ್ಲಿ ಅರಸುಮನೆತನದ ಸ್ವಂತ ಸ್ವತ್ತಿಗೆ ಈ ಹೆಸರಿತ್ತು. ಇಂದೋರಿನ ಹೋಳ್ಕರರ ಖಾಸಗಿ ಆಸ್ತಿ ಇದಕ್ಕೆ ನಿದರ್ಶನ. ಇಂದು ಆ ಪದವು ಬಸ್ಸಿಗೂ ಶಾಲೆಗೂ ಅಂಟಿಕೊಂಡು, ಸರ್ಕಾರದ್ದಲ್ಲದ್ದು ಎಂಬ ಅರ್ಥವನ್ನಷ್ಟೇ ಕೊಡುತ್ತಿದೆ. 'ಏಕಾಂತ'ವು ಸಾಧಕರಿಗೂ ಪ್ರೇಮಿಗಳಿಗೂ ಸಂದ ಮಾತು. ಪಡಿತರದ ಸಾಲಿನಲ್ಲಿ ಬೆರಳೊತ್ತಲು ನಿಂತವಳಿಗೆ ಅದು ಒದಗದು. ಹೀಗಾಗಿ ಉಳಿಯುವುದು 'ಗುಟ್ಟು' ಮತ್ತು ಅದರ ಸಂಸ್ಕೃತ ರೂಪವೆನ್ನಬಹುದಾದ 'ಗೌಪ್ಯತೆ'. ತೊಡಕಿರುವುದು ಇಲ್ಲಿಯೇ. ಗುಟ್ಟೆಂದರೆ ಯಾರಿಗೂ ಹೇಳದಿರುವುದು. ಖಾಸಗಿತನವೆಂದರೆ ಯಾರಿಗೆ, ಯಾವುದಕ್ಕಾಗಿ, ಎಷ್ಟು ಹೇಳಬೇಕೆಂಬುದನ್ನು ತಾನೇ ನಿರ್ಧರಿಸುವುದು. ರೋಗಿಯು ವೈದ್ಯರಲ್ಲಿ ಹೇಳಿಕೊಂಡ ಕಾಯಿಲೆ ಗುಟ್ಟಲ್ಲ. ಅದೇ ವಿವರ ಆತನ ಧಣಿಯ ಕೈಸೇರಿದರೆ ಆಗುವ ಹಾನಿಗೆ ಗುಟ್ಟಿನ ಪರಿಭಾಷೆಯಲ್ಲಿ ಹೆಸರಿಲ್ಲ.

'ಮುಚ್ಚಿಡುವಂಥದ್ದು ನನ್ನಲ್ಲೇನಿದೆ?' ಎಂಬ ಪ್ರಶ್ನೆ ನಮ್ಮಲ್ಲಿ ಸಾತ್ವಿಕ ಅಭಿಮಾನದ ದನಿಯಲ್ಲಿ ಹೊರಡುತ್ತದೆ. ಒಳಗೂ ಹೊರಗೂ ಒಂದಾಗಿರಬೇಕೆಂಬ ವಚನಕಾರರ ಆದರ್ಶ ಕನ್ನಡದ ನೀತಿಪ್ರಜ್ಞೆಯಲ್ಲಿ ಆಳವಾಗಿ ಬೇರೂರಿರುವುದರಿಂದ, ಮರೆಯನ್ನು ಬಯಸುವವನು ಕಪಟಿಯಂತೆ ತೋರುತ್ತಾನೆ. ಆದರೆ ಹನ್ನೆರಡನೆಯ ಶತಮಾನದ ಆ ಶುದ್ಧಿ ತನ್ನಿಂದ ತನಗೆ, ಇಷ್ಟದೈವದ ಎದುರು ಆಗಬೇಕಾದ ಪರೀಕ್ಷೆ. ಅದನ್ನು ಪ್ರಭುತ್ವದ ದಫ್ತರಕ್ಕೋ ವ್ಯಾಪಾರಿಯ ಗಣಕಕ್ಕೋ ಒಪ್ಪಿಸಬೇಕೆಂದು ಯಾವ ಶರಣನೂ ಹೇಳಿದಂತಿಲ್ಲ. ಆತ್ಮಪರೀಕ್ಷೆಯ ಮಾತನ್ನು ಪರರ ತಪಾಸಣೆಗೆ ಸಮ್ಮತಿಯೆಂದು ಓದಿಕೊಂಡಿರುವುದು ನಮ್ಮ ಕಾಲದ ಅಪವ್ಯಾಖ್ಯಾನ.

ಮುಚ್ಚಿಡಲು ಏನೂ ಇಲ್ಲದವನಿಗೆ ರಕ್ಷೆಯಿದೆಯೆ? ಉತ್ತರಪ್ರದೇಶದ ಖರಕ್ ಸಿಂಗ್ ಡಕಾಯಿತಿ ಪ್ರಕರಣವೊಂದರಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದವರು. ಆದರೂ ಪೊಲೀಸರು ಅವರ ಹೆಸರಿನಲ್ಲಿ ಕಡತ ತೆರೆದು ರಾತ್ರಿ ವೇಳೆ ಬಾಗಿಲು ಬಡಿಯುತ್ತಿದ್ದರು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ರಾತ್ರಿಭೇಟಿಗಳನ್ನು ರದ್ದುಪಡಿಸಿತು; ಚಲನವಲನದ ಮೇಲಿನ ಕಣ್ಗಾವಲನ್ನು ಮಾತ್ರ ಬಹುಮತದಿಂದ ಉಳಿಸಿತು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಭಿನ್ನಮತ ಬರೆದರು. ಅವರ ನಿಲುವಿಗೆ ಮನ್ನಣೆ ಸಿಗಲು 2017 ಬರಬೇಕಾಯಿತು. ಖಾಸಗಿತನವು ಉಳ್ಳವರ ಚಿಂತೆ, ಬಡವರಿಗೆ ಬೇಕಾದುದು ಅನ್ನ ಎಂಬ ವಾದವನ್ನೂ ಆ ತೀರ್ಪು ತಿರಸ್ಕರಿಸಿತು. ಮರುವರ್ಷ ಬೇರೊಂದು ಪೀಠ ಆಧಾರನ್ನು ಬಹುಮತದಿಂದ ಎತ್ತಿಹಿಡಿದಾಗ, ಸವಲತ್ತು ಪಡೆಯುವವರ ಪಾಲಿಗೆ ಅದು ಕಡ್ಡಾಯವಾಗಿಯೇ ಉಳಿಯಿತು. ಬಡವರ ಉದಾಸೀನವೆಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಆಯ್ಕೆಯೇ ಇಲ್ಲದ ಸ್ಥಿತಿಯದು ಎಂಬುದನ್ನು ಸಂಶೋಧಕರು ಬಿಡಿಸಿ ನೋಡಬೇಕು.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಇನ್ನೊಂದು ವಿಪರ್ಯಾಸವಿದೆ. ಅದು 2005ರ ಮಾಹಿತಿ ಹಕ್ಕು ಕಾಯ್ದೆಗೆ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿಯ ಉಪಬಂಧದಲ್ಲಿದ್ದ ಸಾರ್ವಜನಿಕ ಹಿತದ ಷರತ್ತನ್ನು ತೆಗೆದುಹಾಕಿತು. 8ನೆಯ ಪ್ರಕರಣದ 2ನೆಯ ಉಪಪ್ರಕರಣದಲ್ಲಿ ಆ ಹಿತದ ಪ್ರಸ್ತಾಪ ಉಳಿದಿರುವುದು ನಿಜ. ಆದರೆ ಅಧಿಕಾರಿಯ ವಿವರ ಕೇಳುವ ನಾಗರಿಕನಿಗೆ ಈಗ 'ಅದು ಖಾಸಗಿ' ಎಂದು ಉತ್ತರಿಸುವುದು ಮೊದಲಿಗಿಂತ ಸುಲಭ. ಪದವು ತನ್ನ ಅರಮನೆಯ ಅರ್ಥಕ್ಕೆ ಮರಳುತ್ತಿರುವಂತೆ ಕಾಣುತ್ತದೆ.