ಉನ್ಮಾದ ಮತ್ತು ಪ್ರತಿಭೆ: ಮೂರು ಕನ್ನಡ ಪಾತ್ರಗಳ ಪರಿಶೀಲನೆ

ಪ್ರತಿಭಾವಂತನಲ್ಲಿ ಹುಚ್ಚಿನ ಅಂಶವೊಂದು ಇದ್ದೇ ಇರುತ್ತದೆಂಬ ನಂಬಿಕೆ ಬಹಳ ಹಳೆಯದು. ಅದು ಪಾಶ್ಚಾತ್ಯರದು ಮಾತ್ರವೂ ಅಲ್ಲ. ನಮ್ಮ 'ಮರುಳು' ಎಂಬ ಶಬ್ದ ಬುದ್ಧಿವಿಕಲತೆಯನ್ನೂ ಮೋಹವನ್ನೂ ಏಕಕಾಲದಲ್ಲಿ ಸೂಚಿಸುತ್ತದೆ. ಮರುಳಸಿದ್ಧ, ಮರುಳಶಂಕರದೇವ ಎಂಬ ಹೆಸರುಗಳಲ್ಲಿ ಅದಕ್ಕೆ ಪೂಜ್ಯತೆಯೂ ಪ್ರಾಪ್ತವಾಗಿದೆ. ಈ ನಂಬಿಕೆ ಈಗ ವೈದ್ಯಪರಿಭಾಷೆಯ ಉಡುಪು ತೊಟ್ಟು ವಿಮರ್ಶೆಯೊಳಗೆ ಬಂದಿದೆ. ಪಾತ್ರವೊಂದು ಒಮ್ಮೆ ಉತ್ಸಾಹದಿಂದ ಉಕ್ಕಿ ಮತ್ತೊಮ್ಮೆ ವಿಷಾದದಲ್ಲಿ ಕುಸಿದರೆ ಸಾಕು, ಅದಕ್ಕೆ 'ದ್ವಿಧ್ರುವೀಯ ವ್ಯಾಧಿ'ಯ ಹಣೆಪಟ್ಟಿ ಅಂಟಿಸುವ ಚಾಪಲ್ಯ ಕಾಣುತ್ತದೆ. ಈ ಕ್ರಮದಿಂದ ಕೃತಿಗೆ ಏನು ಲಾಭ, ಏನು ನಷ್ಟ ಎಂಬುದೇ ಪ್ರಕೃತ ಲೇಖನದ ವಿಷಯ.

ನಮ್ಮ ಆಲಂಕಾರಿಕರು ಕಾವ್ಯಹೇತುಗಳನ್ನು ಚರ್ಚಿಸುವಾಗ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳನ್ನು ಹೇಳಿದರೇ ಹೊರತು ಉನ್ಮಾದವನ್ನು ಆ ಪಂಕ್ತಿಯಲ್ಲಿ ಕೂರಿಸಲಿಲ್ಲ. ಭರತನು ಅದನ್ನು 33 ವ್ಯಭಿಚಾರಿಭಾವಗಳಲ್ಲಿ ಒಂದಾಗಿ ಎಣಿಸಿದನು. ಎಂದರೆ ಅದು ಪಾತ್ರದಲ್ಲಿ ತೋರುವ ಭಾವ, ಕವಿಯ ಬಂಡವಾಳವಲ್ಲ. ಅದರ ರೋಗರೂಪ ಚರಕನ ಪಾಲಿಗೆ ಬಿಟ್ಟ ವಿಷಯವಾಗಿತ್ತು. ಈ ವಿವೇಕವನ್ನು ನಾವು ಸುಲಭವಾಗಿ ಕೈಬಿಟ್ಟಿದ್ದೇವೆ.

ಉನ್ಮಾದ-ವಿಷಾದಗಳು ಒಂದೇ ವ್ಯಾಧಿಯ ಎರಡು ಮುಖಗಳೆಂದು ಜರ್ಮನಿಯ ಕ್ರೇಪೆಲಿನ್ 1899ರಲ್ಲಿ ನಿರೂಪಿಸಿದನು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಲಿಥಿಯಂ ಲವಣದ ಉಪಯೋಗವನ್ನು ತೋರಿಸಿಕೊಟ್ಟ ಬಳಿಕ ಈ ವ್ಯಾಧಿ ಚಿಕಿತ್ಸೆಗೆ ಒಗ್ಗುವಂಥದಾಯಿತು. ಉನ್ಮಾದಾವಸ್ಥೆ ಗಳಿಗೆಯ ಹುಮ್ಮಸ್ಸಲ್ಲ; ಸಾಮಾನ್ಯವಾಗಿ ಒಂದು ವಾರವಾದರೂ ಬಿಡದೆ ನಿಂತು, ನಿದ್ರೆಯ ಅಗತ್ಯವನ್ನೇ ಕಳೆದು, ಬಾಳನ್ನು ಕೆಡಿಸುವ ಸ್ಥಿತಿ. ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನವೊಂದು ಈ ರೋಗಿಗಳಂತೆಯೇ ಅವರ ಆರೋಗ್ಯವಂತ ಒಡಹುಟ್ಟಿದವರೂ ಸೃಜನಶೀಲ ವೃತ್ತಿಗಳಲ್ಲಿ ನಿರೀಕ್ಷೆಗಿಂತ ಹೆಚ್ಚಾಗಿರುವುದನ್ನು ಕಂಡಿತು. ರೋಗಕ್ಕೂ ಪ್ರತಿಭೆಗೂ ಬಾಂಧವ್ಯವಿದ್ದರೂ ಇರಬಹುದು. ಪ್ರತಿಭೆ ರೋಗದ ಫಲವೆಂಬುದು ಇದರಿಂದ ಸಿದ್ಧಿಸುವುದಿಲ್ಲ. ಏರಿಳಿತದ ರೂಪಕ ಇಲ್ಲಿ ನಮ್ಮನ್ನು ಹಾದಿ ತಪ್ಪಿಸುತ್ತದೆ. ದೊಡ್ಡಬಳ್ಳಾಪುರದಿಂದ ಮುಂದೆ ರೈಲಿನಲ್ಲಿ ಹೋಗಿ ಮಾಕಳಿದುರ್ಗದ ನಿಲ್ದಾಣದಲ್ಲಿ ಇಳಿದವನು ಪಾಳು ಕೋಟೆಯನ್ನು ಹತ್ತಿ ನಂದಿಯನ್ನು ನೋಡಿ ಸಂಜೆಗೆ ಇಳಿಯುವುದು ಅವನ ಇಚ್ಛೆಯಿಂದ. ರೋಗಿಗೆ ಏರುವುದೂ ಇಳಿಯುವುದೂ ತನ್ನ ವಶದಲ್ಲಿಲ್ಲ. ಚಿಕಿತ್ಸೆಯಿಂದ ಪ್ರತಿಭೆ ಮಂಕಾದೀತೆಂದು ಹೆದರಿ ಔಷಧವನ್ನು ತ್ಯಜಿಸುವವರು ಉಂಟು. ಅವರ ಭಯಕ್ಕೆ ನಮ್ಮ ವಿಮರ್ಶೆ ಆಧಾರವಾಗಕೂಡದು.

ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕದ ನಾಯಕನಲ್ಲಿ ಈ ಲಕ್ಷಣಗಳನ್ನೆಲ್ಲ ಪಟ್ಟಿಮಾಡುವುದು ಸುಲಭ. ಯೋಜನೆಯ ಮೇಲೆ ಯೋಜನೆ, ಕಾವ್ಯ, ಚದುರಂಗ, ಗುಲಾಬಿಯ ತೋಟ, ಜಗತ್ತನ್ನೇ ಹೊಸದಾಗಿ ಎರಕ ಹೊಯ್ಯುವ ಹಂಬಲ, ನಿದ್ರೆ ಬಾರದ ರಾತ್ರಿಗಳು, ಬಳಿಕ ನಿರಾಶೆ. ಜನ ಅವನನ್ನು ಹುಚ್ಚನೆನ್ನುತ್ತಾರೆ, ಅದು ಅವನಿಗೂ ತಿಳಿದಿದೆ. ಆದರೆ ನಾಟಕಕಾರರು ಅವನ ಪ್ರತಿಯೊಂದು ಕೃತ್ಯಕ್ಕೂ ರಾಜಕೀಯ ಸಂದರ್ಭವನ್ನೂ ಲೆಕ್ಕಾಚಾರವನ್ನೂ ಒದಗಿಸಿದ್ದಾರೆ. ದೌಲತಾಬಾದಿಗೆ ರಾಜಧಾನಿಯನ್ನು ಒಯ್ಯುವುದಕ್ಕೆ ಕಾರಣವಿದೆ, ಕೊಲೆಗಳಿಗೂ ಕಾರಣವಿದೆ. ಕಾರಣಗಳಿರುವುದೇ ಅಲ್ಲಿಯ ಭೀಕರತೆ. ಖೋಟಾ ನಾಣ್ಯಗಳನ್ನು ತನ್ನ ಗುಲಾಬಿ ತೋಟದಲ್ಲೇ ರಾಶಿ ಹಾಕಿಸುವವನು ತನ್ನ ಕನಸಿನ ಗತಿಯನ್ನು ಸ್ಪಷ್ಟವಾಗಿ ಕಂಡವನು. ಅವನನ್ನು ರೋಗಿಯೆಂದ ಕೂಡಲೇ ಕ್ಷಮಿಸಿಬಿಡಬೇಕಾಗುತ್ತದೆ. ನಾಟಕ ಆ ಕ್ಷಮೆಯನ್ನು ಕೊಡುವುದಿಲ್ಲ. ಕೊನೆಯಲ್ಲಿ ಅವನಿಗೆ ನಿದ್ರೆ ಬರುತ್ತದೆ, ಆದರೆ ಅದು ಗುಣವಾದವನ ನಿದ್ರೆಯಲ್ಲ. ಪ್ರಾರ್ಥನೆಯ ಕರೆಗೆ ಎಚ್ಚೆತ್ತು ತಾನೆಲ್ಲಿದ್ದೇನೆಂದು ತಿಳಿಯದೆ ದಿಗ್ಭ್ರಾಂತನಾಗಿ ನೋಡುತ್ತಾನೆ. ಆ ನೋಟವನ್ನು ವೈದ್ಯಕೋಶದಿಂದ ಅರ್ಥೈಸಲು ಹೊರಟವನು ಅದನ್ನು ಕಿರಿದುಗೊಳಿಸುತ್ತಾನೆ.

ತ. ರಾ. ಸುಬ್ಬರಾಯರ 'ಹಂಸಗೀತೆ' (1952)ಯ ಭೈರವಿ ವೆಂಕಟಸುಬ್ಬಯ್ಯನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ದೊರೆಯ ಅಪ್ಪಣೆಗೆ ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಂಡ ಗಾಯಕನವನು. ಆಸ್ಪತ್ರೆಯ ಕಣ್ಣಿಗೆ ಇದು ಆತ್ಮಹಿಂಸೆ. ಕಾದಂಬರಿಯ ಒಳಗೆ ಇದು ವ್ರತ. ಕಲಾವಿದನ ಅತಿರೇಕವನ್ನು ನಮ್ಮ ಕಾದಂಬರಿಕಾರರು ಅಭಿಮಾನವೆಂದೋ ಸಾಧನೆಯೆಂದೋ ಕಂಡರಲ್ಲದೆ ವ್ಯಾಧಿಯೆಂದು ಕಾಣುವುದು ವಿರಳ. ಇದರಲ್ಲಿ ಒಂದು ಔದಾರ್ಯವಿದೆ, ಒಂದು ಕುರುಡೂ ಇದೆ.

ಆ ಕುರುಡನ್ನು ಕಳೆದವರು ತ್ರಿವೇಣಿ (1928–1963). ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ಈ ಲೇಖಕಿ 'ಶರಪಂಜರ'ದಲ್ಲಿ ಕವಿಯನ್ನಾಗಲಿ ಸುಲ್ತಾನನನ್ನಾಗಲಿ ಆರಿಸದೆ ಒಬ್ಬ ಗೃಹಿಣಿಯನ್ನು ಆರಿಸಿದರು. ಕಾವೇರಿಗೆ ಹೆರಿಗೆಯ ಬಳಿಕ ಚಿತ್ತವಿಕಾರ ಉಂಟಾಗುತ್ತದೆ. ಬಾಣಂತಿಯ ಇಂಥ ಉನ್ಮಾದಕ್ಕೂ ದ್ವಿಧ್ರುವೀಯ ವ್ಯಾಧಿಗೂ ನಿಕಟ ಸಂಬಂಧವಿದೆಯೆಂದು ಇಂದಿನ ವೈದ್ಯರು ಹೇಳುತ್ತಾರೆ. ಆದಕಾರಣ ಈ ಮೂವರಲ್ಲಿ ನಿಜವಾದ ರೋಗಿ ಇವಳೊಬ್ಬಳೇ, ಮತ್ತು ಪ್ರತಿಭೆಯ ಮುಡಿಪಿಲ್ಲದವಳೂ ಇವಳೊಬ್ಬಳೇ. ಅವಳ ನೋವಿಗೆ ಕಲೆಯ ಸಮಾಧಾನವಿಲ್ಲ. ಆದುದರಿಂದಲೇ ಅದು ನೋವಾಗಿ ಉಳಿಯುತ್ತದೆ. ಆಸ್ಪತ್ರೆಯಲ್ಲಿ ಅವಳು ಗುಣಹೊಂದುತ್ತಾಳೆ. ಆಮೇಲೆ ತೊಡಗುವುದು ಕಾದಂಬರಿಯ ಮುಖ್ಯಭಾಗ: ಅವಳ ನಗು, ಸಿಟ್ಟು, ಮೌನ ಎಲ್ಲವೂ ಮನೆಯವರಿಗೂ ನೆರೆಹೊರೆಯವರಿಗೂ ಹುಚ್ಚು ಮರುಕಳಿಸಿದುದರ ಗುರುತಾಗಿ ತೋರುತ್ತವೆ. ತುಘಲಕನಲ್ಲಿ ಲಕ್ಷಣಗಳನ್ನು ಎಣಿಸುವ ವಿಮರ್ಶಕನು ಓದುವ ಬಗೆಯೂ ಇದೇ ಅಲ್ಲವೆ?

ಪುಟ್ಟಣ್ಣ ಕಣಗಾಲರು 1971ರಲ್ಲಿ ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದಾಗ ಕಲ್ಪನಾ ಅವರ ಅಭಿನಯ ಮನೆಮಾತಾಯಿತು. ಚಿತ್ರದ ಮಾತು ಬಂದಾಗ ಕಾವೇರಿಯ ಕೊನೆಯ ಆವೇಶವನ್ನೇ ಮೊದಲು ನೆನೆಯುವ ರೂಢಿಯುಂಟು. ಆಸ್ಪತ್ರೆಯಿಂದ ಹಿಂದಿರುಗಿದ ಹೆಂಗಸು ತನ್ನ ಅಡಿಗೆಮನೆಯನ್ನೂ ಮಕ್ಕಳನ್ನೂ ಮತ್ತೆ ತನ್ನದಾಗಿಸಿಕೊಳ್ಳಲು ಹೆಣಗುವ ಭಾಗಗಳತ್ತ ಪುನಃ ತಿರುಗಿ ಓದುವುದು ಒಳ್ಳೆಯದು. ತ್ರಿವೇಣಿಯವರ ಕೈ ಅತ್ಯಂತ ಹಗುರವಾಗಿಯೂ ಸ್ಥಿರವಾಗಿಯೂ ಇರುವುದು ಅಲ್ಲಿಯೇ.