‘ಶಿಥಿಲ’ ಎಂಬ ಪದ

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಸಾಲಿನಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳಿದ್ದವು. ವಿದ್ಯಾರ್ಥಿಯಾಗಿದ್ದಾಗ ನಾನು ಅಲ್ಲಿ ಕೊಂಡ, ಬೆನ್ನು ಕಿತ್ತುಹೋದ ನಿಘಂಟೊಂದು ಈಗಲೂ ನನ್ನ ಮೇಜಿನ ಮೇಲಿದೆ. ಆ ಕಟ್ಟಡದ ಸುದ್ದಿ ಬಂದಾಗಲೆಲ್ಲ ತಪ್ಪದೆ ಕಾಣುತ್ತಿದ್ದ ಪದವೊಂದನ್ನು ಒಮ್ಮೆ ಅದೇ ನಿಘಂಟಿನಲ್ಲಿ ಹುಡುಕಿದೆ: ಶಿಥಿಲ. ‘ಸಡಿಲವಾದ’ ಎಂಬ ಅರ್ಥ ಮೊದಲು ಕಂಡಿತು. ‘ಜೀರ್ಣವಾದ’ ಎಂಬುದು ಅದರ ನಂತರ.

ಹಳಗನ್ನಡ ಓದುವವರಿಗೆ ಈ ಪದ ಶಿಥಿಲದ್ವಿತ್ವದಿಂದ ಪರಿಚಿತ. ಒತ್ತಕ್ಷರ ಎದುರಿಗಿದ್ದರೂ ಅದನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ಅಂದರೆ ವ್ಯಾಕರಣದಲ್ಲಿ ಶಿಥಿಲತೆಗೆ ಕಾರಣ ಉಚ್ಚರಿಸುವ ಬಾಯಿ. ನಗರಾಡಳಿತದ ಕನ್ನಡದಲ್ಲಿ ಮಾತ್ರ ಆ ಬಾಯಿ ಮಾಯವಾಗುತ್ತದೆ. ‘ಕಟ್ಟಡ ಶಿಥಿಲಗೊಂಡಿದೆ’ ಎಂಬ ವಾಕ್ಯದಲ್ಲಿ ಕಟ್ಟಡವೇ ಕರ್ತೃ. ಸಡಿಲ ಬಿಟ್ಟವರು ಯಾರು ಎಂದು ಕೇಳಲು ಆ ವಾಕ್ಯ ಎಡೆಗೊಡುವುದಿಲ್ಲ.

ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನರ ಭೇಟಿಯ ನೆನಪಿಗಾಗಿ 1892ರಲ್ಲಿ ಕಟ್ಟಿದ ಈ ಕಟ್ಟಡ, ಜಗನ್ಮೋಹನ ಅರಮನೆ ಮತ್ತು ದೇವರಾಜ ಮಾರುಕಟ್ಟೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿದೆ. 2012ರ ಆಗಸ್ಟ್‌ನಲ್ಲಿ ಇದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂಗಡಿಗಳು ಖಾಲಿಯಾದವು, ಬಾಗಿಲುಗಳಿಗೆ ವರ್ಷಗಟ್ಟಲೆ ಬೀಗ ಬಿತ್ತು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗವೂ ಕುಸಿಯಿತು. ಎರಡನ್ನೂ ಕೆಡವಿ ಹಳೆಯ ರೂಪದಲ್ಲೇ ಹೊಸದಾಗಿ ಕಟ್ಟಬೇಕು ಎಂಬುದು ಪಾಲಿಕೆಯ ನಿಲುವಾಯಿತು. ದುರಸ್ತಿ ಸಾಧ್ಯ ಎಂದು ಪಾರಂಪರಿಕ ತಜ್ಞರು ವಾದಿಸಿದರು. ಸಮಿತಿಗಳು ಬಂದವು, ವರದಿಗಳು ಬಂದವು, ಮಾರುಕಟ್ಟೆಯ ವಿಚಾರ ಹೈಕೋರ್ಟಿನ ಮೆಟ್ಟಿಲು ಹತ್ತಿತು.

ನಾನು ಇಂಜಿನಿಯರ್ ಅಲ್ಲ. ಗೋಡೆಯ ಬಲವನ್ನು ಅಳೆಯಲಾರೆ, ವಾಕ್ಯದ ಬಲವನ್ನು ಅಳೆಯಬಲ್ಲೆ. ಈ ಚರ್ಚೆಯಲ್ಲಿ ಎರಡೂ ಕಡೆಯ ವಾಕ್ಯಗಳು ನನ್ನನ್ನು ತೃಪ್ತಿಪಡಿಸಲಿಲ್ಲ.

ಮೊದಲು ನಮ್ಮ ಕಡೆಯದನ್ನೇ ಹೇಳಿಬಿಡುತ್ತೇನೆ. ಪರಂಪರೆಯ ಪರ ನಿಂತ ಸಾಹಿತ್ಯಾಸಕ್ತರು ಬರೆದದ್ದರಲ್ಲಿ ಕಮಾನುಗಳಿವೆ, ಮಲ್ಲಿಗೆಯ ವಾಸನೆಯಿದೆ, ಹಳೆಯ ಪುಸ್ತಕದ ಧೂಳಿದೆ. ಸತ್ತ ನಾಲ್ವರು ಮಾತ್ರ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಅಂಗಡಿಯ ಚಾವಣಿ ಯಾವಾಗ ಬೀಳುವುದೋ ಎಂದು ದಿನವಿಡೀ ಮೇಲೆ ನೋಡುತ್ತ ಕೂರುವ ವ್ಯಾಪಾರಿಗೆ ನಮ್ಮ ಹಂಬಲ ಯಾವ ಲೆಕ್ಕ? ಸುರಕ್ಷತೆಯ ವಾದಕ್ಕೆ ಉತ್ತರ ಕೊಡದ ಪರಂಪರೆಯ ಪ್ರೀತಿ ಬರಿಯ ಅಲಂಕಾರ.

ಇನ್ನು ಆಡಳಿತದ ವಾಕ್ಯ: ‘ಅದೇ ಶೈಲಿಯಲ್ಲಿ ಮರುನಿರ್ಮಾಣ’. ಹಳೆಯ ಪುಸ್ತಕದ ರಕ್ಷಾಪುಟವನ್ನು ಹಾಗೇ ಅಚ್ಚು ಹಾಕಿ ಒಳಗೆ ಬೇರೆ ಪುಟಗಳನ್ನು ಹೊಲಿದರೆ ಅದನ್ನು ಮರುಮುದ್ರಣ ಎನ್ನುತ್ತೇವೆಯೇ? ಮಾರುಕಟ್ಟೆಯ ಒಳಪುಟಗಳು ಎಂದರೆ ವೀಳ್ಯದೆಲೆಯ ಕಟ್ಟು, ಬಾಳೆಗೊನೆ, ಕುಂಕುಮದ ರಾಶಿ ಮತ್ತು ಅವುಗಳ ಹಿಂದೆ ಕುಳಿತವರು. ಅವರು ಯಾವಾಗ, ಎಷ್ಟು ಬಾಡಿಗೆಗೆ ಮರಳಿ ಬರುತ್ತಾರೆ ಎಂಬುದು ಶೈಲಿಯಷ್ಟೇ ಮುಖ್ಯವಾದ ಪ್ರಶ್ನೆ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಂತೂ ಪುಸ್ತಕದಂಗಡಿಗಳು ಹೋದವು, ರಕ್ಷಾಪುಟ ಉಳಿಯಿತು. ಕಟ್ಟಡವನ್ನು ಮುಟ್ಟದೆ ಸುಮ್ಮನಿದ್ದರೂ ಒಳಪುಟಗಳು ಉದುರುತ್ತವೆ.

ಕರ್ತೃವಿರುವ ವಾಕ್ಯ ಹೇಗಿರುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ಪ್ರದೇಶ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಅಲ್ಲಿ ಬಹುಮಟ್ಟಿಗೆ ಬಳಕೆ ತಪ್ಪಿದ್ದ, 1848ರಲ್ಲಿ ಆರಂಭವಾದ ಬ್ರಾಮ್ಲಿ-ಮೂರ್ ಹಡಗುಕಟ್ಟೆಯನ್ನು ತುಂಬಿಸಿ ಎವರ್ಟನ್ ಫುಟ್‌ಬಾಲ್ ಕ್ಲಬ್ಬಿನ ಕ್ರೀಡಾಂಗಣ ಕಟ್ಟಲು ನಗರ ಕೌನ್ಸಿಲಿನ ಯೋಜನಾ ಸಮಿತಿ 2021ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಬಂದರಿನ ಅಭಿವೃದ್ಧಿ ಯೋಜನೆಗಳಿಂದ ಪರಂಪರೆಗೆ ಸರಿಪಡಿಸಲಾಗದ ಹಾನಿಯಾಗಿದೆ ಎಂದು ಅದೇ ಜುಲೈನಲ್ಲಿ ಲಿವರ್‌ಪೂಲನ್ನು ಪಟ್ಟಿಯಿಂದ ತೆಗೆದರು. ಆ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಆದರೆ ಅಲ್ಲಿ ಕೈಯೆತ್ತಿದವರು ಇದ್ದರು, ತೆತ್ತ ಬೆಲೆ ಎಲ್ಲರ ಕಣ್ಣೆದುರಿಗಿತ್ತು. ಊರಿನವರು ಇವತ್ತಿಗೂ ಅವರನ್ನು ಹೊಗಳಬಹುದು, ಬೈಯಬಹುದು.

ಬೀಗ ಹಾಕಿ ಬಿಟ್ಟ ಕಟ್ಟಡದ ವಿಷಯದಲ್ಲಿ ಬೈಯುವುದು ಯಾರನ್ನು? ಮಳೆಯನ್ನೇ? ಗೋಡೆಯ ಬಿರುಕಿನಲ್ಲಿ ಚಿಗುರಿದ ಅರಳಿ ಗಿಡವನ್ನೇ? ಕೆಡವುವುದು ಒಂದು ತೀರ್ಮಾನ, ಉಳಿಸುವುದು ಇನ್ನೊಂದು. ತೀರ್ಮಾನಿಸದೆ ಬಿಡುವುದು ಮೂರನೆಯದು. ಈ ಮೂರನೆಯದಕ್ಕೆ ಯಾರೂ ರುಜು ಹಾಕುವುದಿಲ್ಲ. ವರ್ಷಗಳು ಕಳೆದಂತೆ ಅದೇ ಮೊದಲನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಆಮೇಲೆ ‘ಶಿಥಿಲ’ ಎಂಬ ಪದ ಬಂದು ಎಲ್ಲರನ್ನೂ ಪಾರುಮಾಡುತ್ತದೆ.

ಆದ್ದರಿಂದ ನನ್ನ ಬೇಡಿಕೆ ಒಬ್ಬ ಓದುಗನ ಬೇಡಿಕೆ. ಯಾವ ಊರಿನದೇ ಆಗಲಿ, ಹಳೆಯ ಕಟ್ಟಡವೊಂದನ್ನು ಶಿಥಿಲ ಎನ್ನುವ ಕಡತದಲ್ಲಿ ಇನ್ನೂ ಮೂರು ವಾಕ್ಯಗಳಿರಲಿ: ಕೊನೆಯ ದುರಸ್ತಿ ಯಾವ ವರ್ಷ ಆಯಿತು, ಆಮೇಲೆ ಅದಕ್ಕೆಂದು ಎಷ್ಟು ಹಣ ತೆಗೆದಿಟ್ಟಿರಿ, ನೋಡಿಕೊಳ್ಳುವ ಹೊಣೆ ಯಾರದಾಗಿತ್ತು. ಇಷ್ಟು ಬರೆದ ಮೇಲೂ ಕೆಡವಲೇಬೇಕು ಎಂದಾದರೆ ಒಪ್ಪೋಣ. ನಾಲ್ಕು ಜೀವಕ್ಕಿಂತ ಕಮಾನು ದೊಡ್ಡದಲ್ಲ.

ನನ್ನ ನಿಘಂಟೂ ಹೀಗೆಯೇ ಸಡಿಲವಾಗಿದೆ. ಪ್ರತಿ ಬಾರಿ ತೆರೆದಾಗ ‘ಶ’ಕಾರದ ಹಾಳೆಗಳು ಕೈಗೆ ಬರುತ್ತವೆ. ಬೈಂಡಿಂಗಿಗೆ ಕೊಡಬೇಕು ಎಂದುಕೊಳ್ಳುತ್ತಲೇ ಹತ್ತು ವರ್ಷ ಆಯಿತು. ಕೊಡದವನು ನಾನೇ.