ಸಿಮ್ಯುಲೇಷನ್ನಿನ ಪ್ರಾಮಾಣ್ಯ

ನೇರವಾಗಿ ಮಾಡಿನೋಡಲು ಅಪಾಯಕರವೋ ದುಬಾರಿಯೋ ಆದ ಕಾರ್ಯವನ್ನು ಅದರ ಪ್ರತಿರೂಪವೊಂದರ ಮೇಲೆ ನಡೆಸಿ ಪರೀಕ್ಷಿಸುವ ಕ್ರಮಕ್ಕೆ ಸಿಮ್ಯುಲೇಷನ್ ಎಂದು ಹೆಸರು. ವಿಮಾನಚಾಲಕರ ಶಿಕ್ಷಣ, ಅಣೆಕಟ್ಟುಗಳ ನಿರ್ಮಾಣ, ಯುದ್ಧತಂತ್ರ ಮೊದಲಾದ ಕ್ಷೇತ್ರಗಳಲ್ಲಿ ಇದು ಬಹುಕಾಲದಿಂದ ರೂಢಿಯಲ್ಲಿದೆ. ಇದರ ಬೆಲೆಕಟ್ಟುವಾಗ, ಫಲಿತಾಂಶ ಮುಂದೆ ನಿಜವಾಯಿತೇ ಎಂಬುದೊಂದನ್ನೇ ಕೇಳುವುದು ವಾಡಿಕೆ. ಈ ಮಾನದಂಡ ಸಾಲದೆಂಬುದು ನಮ್ಮ ಅಭಿಪ್ರಾಯ.

ಮಿಡ್‌ವೇ ಪ್ರಸಂಗವನ್ನೇ ನೋಡೋಣ. 1942ರ ಮೇ ತಿಂಗಳಲ್ಲಿ ಜಪಾನೀ ನೌಕಾಧಿಕಾರಿಗಳು ಯಮಾಟೋ ಯುದ್ಧನೌಕೆಯಲ್ಲಿ ಆ ಕದನವನ್ನು ಮೇಜಿನ ಮೇಲೆ ಆಡಿನೋಡಿದರು. ಫುಚಿದಾ ಮತ್ತು ಒಕುಮಿಯಾ ತಮ್ಮ ಗ್ರಂಥದಲ್ಲಿ ಹೇಳುವಂತೆ, ಒಂಬತ್ತು ಬಾಂಬುಗಳು ತಗುಲಿದುವೆಂದು ದಾಳ ತೋರಿಸಿತು. ತೀರ್ಪುಗಾರ ಉಗಾಕಿ ಅದನ್ನು ಮೂರಕ್ಕೆ ಇಳಿಸಿದನು. ಜೂನ್ ತಿಂಗಳ ಕದನದಲ್ಲಿ ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು ಮುಳುಗಿದುವು. ದಾಳದ ಎಚ್ಚರಿಕೆಯನ್ನು ಕಡೆಗಣಿಸಿದುದರ ಫಲವಿದೆಂಬ ಮಾತು ಆಮೇಲೆ ಪ್ರಚಾರಕ್ಕೆ ಬಂದಿತು. ಈ ಮಾತು ವಿಮರ್ಶೆಗೆ ನಿಲ್ಲದು. ಆಟದಲ್ಲಿ ದಾಳಿಮಾಡಿದುವು ನೆಲದ ನೆಲೆಯಿಂದ ಬಂದ ವಿಮಾನಗಳು. ನಿಜವಾದ ಕದನದಲ್ಲಾದರೋ, ಮಿಡ್‌ವೇ ದ್ವೀಪದಿಂದ ಹಾರಿದ ವಿಮಾನಗಳ ಒಂದು ಬಾಂಬೂ ಆ ನಾಲ್ಕು ನೌಕೆಗಳಿಗೆ ತಗುಲಲಿಲ್ಲ. ಅವುಗಳನ್ನು ಕೆಡಿಸಿದುವು ಅಮೆರಿಕದ ವಿಮಾನವಾಹಕ ನೌಕೆಗಳಿಂದ ಬಂದ ಬಾಂಬರುಗಳು. ಫಲ ಹೊಂದಿತು, ಕಾರಣ ಹೊಂದಲಿಲ್ಲ.

ಇದಕ್ಕೆ ಪ್ರತಿಯಾಗಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಮಾದರಿಯನ್ನು ಗಮನಿಸಬಹುದು. ಕೊಲ್ಲಿಗೆ ಕಟ್ಟೆಗಳನ್ನು ಹಾಕಿ ಸಿಹಿನೀರಿನ ಸರೋವರಗಳನ್ನು ಮಾಡಬೇಕೆಂಬ ಜಾನ್ ರೀಬರನ ಯೋಜನೆಯನ್ನು ಪರೀಕ್ಷಿಸಲು, ಅಮೆರಿಕದ ಸೈನ್ಯದ ಇಂಜಿನಿಯರುಗಳು 1957ರಲ್ಲಿ ಸಾಸಲೀಟೋದಲ್ಲಿ ಇದನ್ನು ರಚಿಸಿದರು. ಉದ್ದಗಲಗಳನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸಿ, ಆಳವನ್ನು ಮಾತ್ರ ನೂರರಲ್ಲೊಂದು ಪಾಲಿಗೆ ಇಳಿಸಿದುದರಿಂದ ಆಕಾರದಲ್ಲಿ ಅದು ವಿಕೃತವೇ ಸರಿ. ಆದರೆ ನೀರಿನ ಓಟವನ್ನು ತಡೆಯುವ ತಾಮ್ರದ ಪಟ್ಟಿಗಳನ್ನು ನೆಟ್ಟು, ಕೊಲ್ಲಿಯಲ್ಲಿ ಅಳೆದಿದ್ದ ಉಬ್ಬರವಿಳಿತಗಳೊಡನೆ ಅದರ ನಡತೆ ಸರಿಹೊಂದುವವರೆಗೆ ತಿದ್ದಿದರು. ರೀಬರನ ಯೋಜನೆ ಕೆಲಸಕ್ಕೆ ಬಾರದೆಂಬ ಅದರ ತೀರ್ಪಿಗೆ ಬಲ ಬಂದುದು ಈ ತಾಳೆಯಿಂದ.

ಆದುದರಿಂದ ಸಿಮ್ಯುಲೇಷನ್ನಿನ ಆಧಾರ ಭವಿಷ್ಯವಲ್ಲ, ಭೂತಕಾಲದ ದಾಖಲೆ. 2020ರಲ್ಲಿ ಕೋವಿಡ್ ಹರಡಿದಾಗ, ಜನಸಂಚಾರವನ್ನು ನಿರ್ಬಂಧಿಸುವ ಮುನ್ನ ಬ್ರಿಟನ್ ಸರ್ಕಾರ ಇಂಥ ಗಣಕ ಮಾದರಿಗಳ ಲೆಕ್ಕಗಳನ್ನೂ ಪರಿಗಣಿಸಿತು. ಜನಜೀವನವೇ ಹೀಗೆ ಮಾದರಿಗಳಿಗೆ ಒಳಪಡುವಾಗ, ಅವುಗಳ ಫಲಿತಾಂಶವನ್ನು ಮಾತ್ರ ಕಾಯ್ದಿಟ್ಟರೆ ಸಾಲದು. ಯಾವ ದಾಖಲೆಯೊಡನೆ ತಾಳೆನೋಡಿದರು, ಯಾರು ಏನನ್ನು ಏಕೆ ತಿದ್ದಿದರು ಎಂಬುದೂ ಉಳಿಯಬೇಕು. ಅದಿಲ್ಲದೆ ಮುಂದಿನ ಇತಿಹಾಸಕಾರನು ಉಗಾಕಿಯ ತಿದ್ದುಪಡಿಯನ್ನೂ ತಾಮ್ರದ ಪಟ್ಟಿಯನ್ನೂ ಬೇರ್ಪಡಿಸಿ ನೋಡಲಾರನು.